ಉಕ್ಕಿನ ಗಡಿಯಾರ ಯಾವ ಲೆಕ್ಕಕ್ಕೆ?

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕರು ಸಾಮಾನ್ಯವಾಗಿ ಮನೆ, ಜಮೀನು, ಬಂಗಾರ, ಬೆಳ್ಳಿ, ನಗದು ಇಷ್ಟಕ್ಕೆ ಮಿತಿ ಹಾಕಿಕೊಳ್ಳುತ್ತಾರೆ. ಈ ಪಟ್ಟಿಯ ಯಾವ ಸಾಲಿನಲ್ಲೂ ಕೈಗಡಿಯಾರಕ್ಕೆ ಸ್ಥಾನವಿಲ್ಲ. ಅದು ಹೊತ್ತು ನೋಡುವ ಸಾಧನವಾಗಿದ್ದಷ್ಟು ಕಾಲ ಅಂಥ ಸ್ಥಾನದ ಅಗತ್ಯವೂ ಇರಲಿಲ್ಲ. ಇಂದು ಸ್ವಿಟ್ಜರ್‌ಲೆಂಡಿನ ಹೆಸರಾಂತ ಕಂಪೆನಿಯ ಒಂದು ಉಕ್ಕಿನ ಗಡಿಯಾರ ಹಲವು ಲಕ್ಷ ರೂಪಾಯಿ ಬಾಳುತ್ತದೆ. ಅದರ ಬೆಲೆಗೂ ಅದರಲ್ಲಿರುವ ಲೋಹದ ಬೆಲೆಗೂ ಸಂಬಂಧವೇ ಇಲ್ಲ. ಆದುದರಿಂದ ಚಿನ್ನಕ್ಕೆ ಇಂತಿಷ್ಟು ಗ್ರಾಂ ಎಂದು ನಿಷ್ಠೆಯಿಂದ ಮಿತಿ ಹಾಕಿಕೊಂಡ ಗೃಹಸ್ಥರು ಅಂಥ ಐದಾರು ಗಡಿಯಾರಗಳನ್ನು ತಿಜೋರಿಯಲ್ಲಿಟ್ಟರೂ ವ್ರತದ ಅಕ್ಷರಕ್ಕೆ ಭಂಗ ಬಾರದು. ವ್ರತದ ಭಾವಕ್ಕೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಈ ವಿಷಯದಲ್ಲಿ ಶ್ರಾವಕರಿಗಿಂತ ಆದಾಯ ತೆರಿಗೆ ಇಲಾಖೆಯ ಕಣ್ಣು ಚುರುಕು. 10 ಲಕ್ಷ ರೂಪಾಯಿ ಮೀರಿದ ಕೆಲವು ಐಷಾರಾಮಿ ವಸ್ತುಗಳ ಮಾರಾಟದಲ್ಲಿ ಮಾರುವವರೇ ಶೇ. 1ರಷ್ಟು ತೆರಿಗೆಯನ್ನು ಮೂಲದಲ್ಲಿ ವಸೂಲು ಮಾಡಬೇಕೆಂಬ ನಿಯಮ 2025ರ ಏಪ್ರಿಲ್ 22ರಿಂದ ಜಾರಿಗೆ ಬಂತು. ಕಲಾಕೃತಿ, ನಾಣ್ಯ, ಅಂಚೆಚೀಟಿ, ಕೈಚೀಲ, ಪಾದರಕ್ಷೆ, ರೇಸಿನ ಕುದುರೆ ಮೊದಲಾದವು ಸೇರಿರುವ ಆ ಪಟ್ಟಿಯಲ್ಲಿ ಮೊದಲ ಹೆಸರೇ ಕೈಗಡಿಯಾರ. ಕೊಂಡವರು ಈ ಮೊತ್ತವನ್ನು ತಮ್ಮ ಆದಾಯ ತೆರಿಗೆಗೆ ಹೊಂದಿಸಿಕೊಳ್ಳಬಹುದಾದ್ದರಿಂದ ಇದು ದಂಡವಲ್ಲ, ಗುರುತು ಹಾಕಿಕೊಳ್ಳುವ ಕ್ರಮ.

ಅಬ್ಬಿಗೆರೆಯ ಜನರಿಗೆ ಕೈಗಡಿಯಾರ ದೂರದ ಮಾತಲ್ಲ. ನೆರೆಯ ಜಾಲಹಳ್ಳಿಯ ಎಚ್.ಎಂ.ಟಿ. ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಯನ್ನು ಕೈಗೊಂಡಿತು. ಅದರ ಒಂದು ಮಾದರಿಗೆ 'ಜನತಾ' ಎಂದೇ ಹೆಸರು. ದಿನಕ್ಕೊಮ್ಮೆ ಕೀಲಿ ಕೊಡಬೇಕಾದ, 17 ಕಲ್ಲುಗಳ ಆ ಗಡಿಯಾರ ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆ ಪಾಸಾದ ಮಗನಿಗೆ ಸಲ್ಲುತ್ತಿತ್ತು. ಒಂದು ಕೈಗೆ ಒಂದು, ಕೆಟ್ಟರೆ ರಿಪೇರಿ. ಕ್ವಾರ್ಟ್ಸ್ ಗಡಿಯಾರಗಳ ಪೈಪೋಟಿಯ ಮುಂದೆ ಸಂಸ್ಥೆ ನಿಲ್ಲಲಿಲ್ಲ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಅನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಮರು ತಿಂಗಳೇ ಇದೇ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ಧರಾಮಯ್ಯನವರ ಹ್ಯೂಬ್ಲೊ ಗಡಿಯಾರ ಚರ್ಚೆಗೆ ಗ್ರಾಸವಾಯಿತು. ಸ್ನೇಹಿತರ ಕೊಡುಗೆಯೆಂದು ತಿಳಿಸಿದ ಅವರು ಮಾರ್ಚಿನಲ್ಲಿ ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದರು. ಆ ರಾಜಕೀಯ ಇಲ್ಲಿ ಬೇಡ. ಹೊತ್ತು ತೋರಿಸುವ ಗಡಿಯಾರದ ಕಾರ್ಖಾನೆಗೆ ಬೀಗ ಬಿದ್ದ ಹೊತ್ತಿನಲ್ಲಿಯೇ ಬೆಲೆ ತೋರಿಸುವ ಗಡಿಯಾರ ಊರಿನ ಮಾತಾಯಿತೆಂಬುದಷ್ಟೇ ಗಮನಾರ್ಹ.

ಈಗ ಹಳೆಯ ಜನತಾ, ಪೈಲಟ್, ಕೋಹಿನೂರ್ ಗಡಿಯಾರಗಳೂ ಸಂಗ್ರಾಹಕರ ಪಾಲಾಗಿವೆ. ಬೇಡಿಕೆ ಇದ್ದಲ್ಲಿ ಕೃತಕವೂ ಹುಟ್ಟುತ್ತದೆ: ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂಡಿಸಿ ಅಸಲಿಯೆಂದು ಮಾರುವುದುಂಟು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಇದಕ್ಕೆ ಪ್ರತಿರೂಪಕ ವ್ಯವಹಾರವೆಂಬ ಹೆಸರು ಮೊದಲೇ ಇದೆ. ವಿದೇಶದಿಂದ ಮಣಿಕಟ್ಟಿಗೆ ಕಟ್ಟಿಕೊಂಡು, ಸುಂಕ ಕೊಡದೆ ತರುವ ಚತುರತೆ ವಿರುದ್ಧರಾಜ್ಯಾತಿಕ್ರಮದ ಸಾಲಿಗೆ ಸೇರುತ್ತದೆ. ವ್ಯಾಪಾರಿ ಸಮಾಜಕ್ಕೆ ಇವೆರಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಗ್ರಾಹಕರ ಸಮರ್ಥನೆಗಳಲ್ಲಿ ನಿಖರತೆಯ ಮಾತು ಬೇಗ ಮುಗಿಯುತ್ತದೆ. ಸ್ವಿಸ್ ಕ್ರೊನೊಮೀಟರ್ ಪರೀಕ್ಷೆಯು ಯಾಂತ್ರಿಕ ಗಡಿಯಾರ ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗುವುದನ್ನು ಒಪ್ಪುತ್ತದೆ. ಸಾಧಾರಣ ಕ್ವಾರ್ಟ್ಸ್ ಗಡಿಯಾರ ತಪ್ಪುವುದು ತಿಂಗಳಿಗೆ ಸುಮಾರು 15 ಸೆಕೆಂಡು. 48 ನಿಮಿಷದ ಸಾಮಾಯಿಕಕ್ಕೆ ಅಗ್ಗದ್ದೇ ಧಾರಾಳ. ಕುಶಲಕಲೆಯ ಸಮರ್ಥನೆಗೆ ಹೆಚ್ಚು ತೂಕವಿದೆ. ಕೂದಲೆಳೆಯಂಥ ಸುರುಳಿಯನ್ನು ಹೊಂದಿಸುವ ಕೈಚಳಕ ಗೌರವಾರ್ಹವೇ. ತಂದೆಯ ಜನತಾ ಗಡಿಯಾರವನ್ನು ರಿಪೇರಿ ಮಾಡಿಸಿ ಕಟ್ಟಿಕೊಳ್ಳುವವರನ್ನು ಯಾರೂ ಪರಿಗ್ರಹಿಗಳೆನ್ನರು. ಆದರೆ ಐವತ್ತು ಗಡಿಯಾರಗಳ ಒಡೆಯರ ಕೈಗೆ ಒಂದೊಂದರ ಸರದಿ ಬರುವುದು ವರ್ಷಕ್ಕೆ ಏಳು ದಿನ. ಕೀಲಿಯಿಲ್ಲದೆ ಉಳಿದವು ನಿಲ್ಲುತ್ತವೆ. ತಾನೇ ಕೀಲಿ ಕೊಟ್ಟುಕೊಳ್ಳುವ ಬಗೆಯವು ನಿಲ್ಲದಿರಲೆಂದು ಅವನ್ನು ತಿರುಗಿಸುತ್ತಿರುವ ವಿದ್ಯುತ್ ಪೆಟ್ಟಿಗೆಯನ್ನೂ ಕೊಳ್ಳುತ್ತಾರೆ.

ಹೂಡಿಕೆಯೆಂಬ ಮೂರನೆಯ ಸಮರ್ಥನೆ ಲೆಕ್ಕಪುಸ್ತಕದ ಮುಂದೆ ನಿಲ್ಲುವುದಿಲ್ಲ. ಗಡಿಯಾರ ಬಾಡಿಗೆಯನ್ನೂ ಬಡ್ಡಿಯನ್ನೂ ತರದು. ಲಾಭ ಬರುವುದು ಮಾರಿದಾಗ ಮಾತ್ರ. ಮಾರುವವರು ವ್ಯಾಪಾರಿಗಳು, ಮಾರದವರ ಲಾಭ ಬಾಯಿಮಾತಿನದು. ಅಂಗಡಿಯಲ್ಲಿ ಇದನ್ನು ಡೆಡ್ ಸ್ಟಾಕ್ ಎನ್ನುತ್ತಾರೆ. 2021ರಲ್ಲಿ ಕೈಬದಲಾದ ರೋಲೆಕ್ಸ್ ಗಡಿಯಾರಗಳ ಬೆಲೆ ವಿಪರೀತ ಏರಿ, 2022ರಲ್ಲಿ ಇಳಿಮುಖವಾದುದನ್ನು ಏರಿಕೆಯ ಕಥೆ ಹೇಳುವವರು ಹೇಳುವುದು ಕಡಿಮೆ.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿಸಂಗ್ರಹದ ಜೊತೆಗೇ ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದೂ ದೋಷವೆಂದು ಇದರ ಅರ್ಥ. ದುಬಾರಿ ಗಡಿಯಾರದ ವ್ಯಾಪಾರವೆಲ್ಲ ನಿಂತಿರುವುದು ಈ ಬೆರಗಿನ ಮೇಲೆ. ಗುರುತಿಸುವ ಕಣ್ಣುಗಳಿಲ್ಲದೆ ಹೋದರೆ ಅದು ಉಕ್ಕಿನ ತುಂಡು. ಬಸದಿಯ ಪಂಚಕಲ್ಯಾಣದಲ್ಲಿ ಹರಾಜು ಕೂಗುವವರ ಮಾತಿಗಿಂತ ಮೊದಲು ಮಣಿಕಟ್ಟಿನತ್ತ ನೋಡುವ ಟ್ರಸ್ಟಿಗಳಿದ್ದರೆ ಅವರೂ ಈ ಅತಿಚಾರದ ಪಾಲುದಾರರೇ.

ವ್ರತದ ಪಟ್ಟಿಯನ್ನು ಹೊಸದಾಗಿ ಬರೆಯುವವರು ಗಡಿಯಾರಕ್ಕೊಂದು ಸಾಲು ತೆಗೆದಿಡುವುದು ಉಚಿತ. ಅಲ್ಲಿ ರೂಪಾಯಿಯ ಮಿತಿ ಸಾಲದು. ಪೇಟೆಯ ಬೆಲೆ ಏರಿದರೆ ಏನನ್ನೂ ಕೊಳ್ಳದವರ ಮಿತಿಯೂ ಮೀರುತ್ತದೆ, ಇಳಿದರೆ ಇನ್ನೊಂದನ್ನು ಕೊಳ್ಳಲು ನೆಪ ಸಿಗುತ್ತದೆ. ಕೊಂಡ ಬೆಲೆಯ ಜೊತೆಗೆ ಸಂಖ್ಯೆಯನ್ನೂ ನಮೂದಿಸಬೇಕು, ಮನೆಯ ಎಲ್ಲರ ಹೆಸರಿನವನ್ನೂ ಕೂಡಿಸಿ.