ಪೆಟ್ಟಿಗೆಯ ತಾಳ, ಢೋಲಕ್‌ನವನ ಕೈ

ಎಡಗೈಯಲ್ಲಿ ಕಾರ್ಡ್ ಹಿಡಿದರೆ ಸಾಕು. ಡ್ರಮ್, ಬೇಸ್, ಗಿಟಾರ್‌ಗಳನ್ನು ಅರೇಂಜರ್ ಕೀಬೋರ್ಡ್ ತಾನೇ ನುಡಿಸುತ್ತದೆ. ಮದುವೆ ವೇದಿಕೆಗಳ ಕಲಾವಿದರನ್ನು ನೆನೆದು ನಾವು ಎರಡನ್ನು ಹೋಲಿಸಿದೆವು: 2017ರ ಕೊರ್ಗ್ ಪಿಎ700, 2019ರ ಯಮಹಾ ಪಿಎಸ್‌ಆರ್-ಎಸ್‌ಎಕ್ಸ್900. ಎರಡಕ್ಕೂ 61 ಕೀ, 7 ಇಂಚಿನ ಟಚ್ ಸ್ಕ್ರೀನ್. ಯಮಹಾದ ಸ್ಯಾಕ್ಸೊಫೋನಿನಲ್ಲಿ ಊದುವವನ ಉಸಿರೂ ಕೇಳಿಸುತ್ತದೆ. ಆದರೆ ಅದರ ತೂಕ 11.5 ಕಿಲೋ, ಬಸ್ಸಿಗೆ ಹೊತ್ತೊಯ್ಯುವವನಿಗೆ 10 ಕಿಲೋ ಮೀರದ ಕೊರ್ಗೇ ವಾಸಿ.

ಕವ್ವಾಲಿ ಗಾಯಕ ಸಭಿಕರ ಫರ್ಮಾಯಿಶ್‌ಗೆ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಲಯ ಏರಿಸಿದಾಗ ಎರಡೂ ತಾವಾಗಿ ಹಿಂಬಾಲಿಸಲಾರವು. ಆ ಏರು ಗೊತ್ತಿರುವುದು ಢೋಲಕ್‌ನವನ ಕೈಗೆ. ಅವನ ಸಂಭಾವನೆ ಉಳಿಸಲೆಂದೇ ಹಲವರು ಈ ಪೆಟ್ಟಿಗೆ ಕೊಳ್ಳುತ್ತಾರೆ! ಯಾವುದನ್ನೇ ಕೊಳ್ಳಿ, ಅವನನ್ನು ಬಿಡಬೇಡಿ. ಆ ಗಳಿಗೆ ಬಂದಾಗ ಯಂತ್ರದ ತಾಳ ನಿಲ್ಲಿಸಿ, ಅವನ ಜೊತೆ ಕೈಯಾರೆ ನುಡಿಸಿ.