ಕ್ಯಾಮೆರಾ ಹಿಂದಿನ ಸಹಪ್ರಯಾಣಿಕ

'ಲಾಂಗ್ ವೇ ರೌಂಡ್' ಸರಣಿಯನ್ನು ಇಬ್ಬರು ಗೆಳೆಯರ ಸಾಹಸವೆಂದೇ ಹೊಗಳುತ್ತಾರೆ. 2004ರಲ್ಲಿ ನಟರಾದ ಯೂಅನ್ ಮೆಕ್‌ಗ್ರೆಗರ್, ಚಾರ್ಲಿ ಬೂರ್ಮನ್ ಲಂಡನ್ನಿನಿಂದ ಪೂರ್ವಕ್ಕೆ ಹೊರಟು ಮಂಗೋಲಿಯಾ, ಸೈಬೀರಿಯಾ ದಾಟಿ ನ್ಯೂಯಾರ್ಕ್ ಮುಟ್ಟಿದ ಬೈಕ್ ಪ್ರಯಾಣವದು. ನನಗೆ ಮಾತ್ರ ಅದು ಮೂವರ ಕಥೆ. ಕ್ಲಾಡಿಯೋ ವಾನ್ ಪ್ಲಾಂಟಾ ಅವರ ಜೊತೆಗೇ ಬೈಕ್ ಓಡಿಸಿದ, ಮೇಲಾಗಿ ಚಿತ್ರೀಕರಣವನ್ನೂ ಮಾಡಿದ. ಗೆಳೆಯರು ಕೆಸರಿನಲ್ಲಿ ಬೀಳುವುದನ್ನು ನೋಡುತ್ತೇವೆ. ಅವನು ಬಿದ್ದರೆ ತೋರಿಸುವವರು ಯಾರು? ಮಂಗೋಲಿಯಾದಲ್ಲಿ ಬೈಕ್ ಕೈಕೊಟ್ಟಾಗ ಅವನಿಗೆ ಸಿಕ್ಕಿದ್ದು ಅಗ್ಗದ ರಷ್ಯನ್ ಬೈಕು.

ಪ್ರಾಜೆಕ್ಟಿಗೆ ಜನರನ್ನು ಆರಿಸುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ. ಗೆಳೆತನಕ್ಕೆ ಬಂದವರಿಬ್ಬರು, ಕೆಲಸಕ್ಕೆ ಬಂದವನೊಬ್ಬ. ಸರಣಿ ಅವನನ್ನು ಮರೆಮಾಚುವುದಿಲ್ಲ, ನಿಜ. ಆದರೆ ದಾರಿಯ ಭಯ, ಮನೆಯ ನೆನಪು, ಸಿಟ್ಟು ಎಲ್ಲ ಹೆಚ್ಚಾಗಿ ಆ ಇಬ್ಬರ ಬಾಯಲ್ಲೇ. ಪುಸ್ತಕವೂ ಅವರ ಹೆಸರಿನದೇ.

1952ರಲ್ಲಿ ಚೆ ಗುವಾರನ ಜೊತೆ ದಕ್ಷಿಣ ಅಮೆರಿಕ ಸುತ್ತಿದ ಆಲ್ಬರ್ಟೊ ಗ್ರನಾಡೊ ತನ್ನದೇ ದಿನಚರಿ ಬರೆದ. ನಾರ್ಟನ್ ಬೈಕ್ ಚಿಲಿಯಲ್ಲಿ ಕೆಟ್ಟು ಕೂತ ಮೇಲೂ ಇಬ್ಬರೂ ಜೊತೆಗೇ ಮುಂದೆ ಹೋದರು. ಅಲ್ಲಿ ಒಬ್ಬನ ಮಾತಿಗೆ ಅನುಮಾನ ಬಂದರೆ ಇನ್ನೊಬ್ಬನ ಪುಟ ತೆರೆಯಬಹುದು. ಕ್ಲಾಡಿಯೋನ ಅಂಥದೊಂದು ದಿನಚರಿ ಸಿಕ್ಕರೆ, ಸರಣಿಯನ್ನು ಪಕ್ಕಕ್ಕಿಟ್ಟು ಮೊದಲು ಅದನ್ನೇ ಓದುತ್ತೇನೆ.