ಹೆಬ್ಬೆರಳ ಮರೆಯಲ್ಲಿ ಉಳಿದ ಕಸಿ

ಮಳೆ ಹಿಡಿಯಿತೆಂದರೆ ಯೂಟ್ಯೂಬಿನಲ್ಲಿ ಕಸಿ ಕಟ್ಟುವ ವಿಡಿಯೊಗಳ ಸುಗ್ಗಿ. ಮಾವು, ಹಲಸು, ಜಾಯಿಕಾಯಿ, ಯಾವುದು ಬೇಕೋ ಅದು. ನಾನು ಇವುಗಳ ಕಾಯಂ ನೋಡುಗ. ಹೆಚ್ಚಿನವು ಎಡವುವುದು ಒಂದೇ ಕಡೆ. ಮಾತು ಚೆನ್ನಾಗಿರುತ್ತದೆ, ತೋಟ ಹಸಿರಾಗಿರುತ್ತದೆ, ಆದರೆ ಕಸಿಕಡ್ಡಿಯನ್ನು ಬುಡದ ಗಿಡದ ಸೀಳಿಗೆ ಇಳಿಸುವ ಗಳಿಗೆಯಲ್ಲೇ ಕಸಿಗಾರರ ಹೆಬ್ಬೆರಳು ಅಡ್ಡ ಬರುತ್ತದೆ. ಬೆರಳು ಸರಿಯುವಷ್ಟರಲ್ಲಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಮುಗಿದಿರುತ್ತದೆ.

ಕಲಿಯುವವರಿಗೆ ಬೇಕಾದದ್ದು ಆ ಗಳಿಗೆಯೇ. ಮೃದುಕಾಂಡ ಕಸಿಯಲ್ಲಿ ಬುಡದ ಗಿಡದ ತಲೆ ಕತ್ತರಿಸಿ, ನಟ್ಟನಡುವೆ ಮೂರು ನಾಲ್ಕು ಸೆಂಟಿಮೀಟರ್ ಸೀಳುತ್ತೇವೆ. ಕಡ್ಡಿಯ ತುದಿಯನ್ನು ಎರಡೂ ಬದಿಯಿಂದ ಅಷ್ಟೇ ಉದ್ದಕ್ಕೆ ಹೆರೆದು, ಬೆಣೆ ಮಾಡಿ ಕೂರಿಸುತ್ತೇವೆ. ಜೀವ ಕೂಡುವುದು ಎರಡರ ತೊಗಟೆಯ ಅಡಿಯ ತೆಳ್ಳನೆಯ ಹಸಿ ಪದರಗಳೂ ಒಂದಕ್ಕೊಂದು ತಾಗಿದಾಗ. ಕಡ್ಡಿ ತುಸು ಸಣ್ಣದಿದ್ದರೆ ಅಂದಕ್ಕೆಂದು ನಡುವೆ ಇಡಬಾರದು, ಎರಡೂ ಕಡೆ ಪದರ ತಪ್ಪುತ್ತದೆ. ಒಂದು ಅಂಚಿಗೆ ಸರಿಸಿಡಬೇಕು. ಈ ಕೂದಲೆಳೆಯ ವ್ಯತ್ಯಾಸವನ್ನು ಹತ್ತಿರದಿಂದ, ನಿಧಾನವಾಗಿ, ಎರಡು ಸಲ ತೋರಿಸುವ ವಿಡಿಯೊ ಸಿಕ್ಕರೆ ಅದರ ಚಿತ್ರ ಮಸುಕಾಗಿದ್ದರೂ ನಾನು ತಲೆಬಾಗುತ್ತೇನೆ.

ಕ್ಯಾಮೆರಾ ಎಲ್ಲಿರಬೇಕು ಎಂಬುದೂ ದೊಡ್ಡ ಮಾತೇ. ಎದುರಿನಿಂದ ಹಿಡಿದರೆ ಎಡ ಬಲ ಅದಲುಬದಲಾಗಿ, ನೋಡುವವರು ಮನಸ್ಸಿನಲ್ಲೇ ಎಲ್ಲವನ್ನೂ ತಿರುಗಿಸಿಕೊಳ್ಳಬೇಕು. ಸಂಶೋಧಕ ಲೋಗನ್ ಫಿಯೊರೆಲ್ಲಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯುತ್ ಸರ್ಕ್ಯೂಟ್ ಜೋಡಿಸುವುದನ್ನು ಎದುರಿನಿಂದ ಮತ್ತು ಮಾಡುವವನ ಕಡೆಯಿಂದ, ಎರಡು ಬಗೆಯಲ್ಲಿ ತೋರಿಸಿ ನೋಡಿದರು. ಮಾಡುವವನ ಕಣ್ಣಿನಿಂದ ಕಂಡಂತೆ ಚಿತ್ರಿಸಿದ್ದನ್ನು ನೋಡಿದವರು ಹೆಚ್ಚು ಚೆನ್ನಾಗಿ ಜೋಡಿಸಿದರು. ಕಸಿಗಾರರ ಹೆಗಲ ಮೇಲಿನಿಂದ ಮೊಬೈಲ್ ಹಿಡಿಯಲು ಮನೆಯವರೊಬ್ಬರಿದ್ದರೆ ಸಾಕು.

ಆದರೆ ಬರಿದೇ ನೋಡಿದರೆ ಕೈ ಕಲಿಯುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಮೈಕೆಲ್ ಕಾರ್ಡಸ್ ಮತ್ತು ಎಡ್ ಓಬ್ರಿಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಓದಿದ ಮೇಲೆ ನನಗೆ ಇದು ಇನ್ನೂ ಖಚಿತವಾಯಿತು. ಡಾರ್ಟ್ ಎಸೆಯುವ ವಿಡಿಯೊವನ್ನು ಇಪ್ಪತ್ತು ಸಲ ನೋಡಿದವರಿಗೆ ಒಮ್ಮೆ ನೋಡಿದವರಿಗಿಂತ ಧೈರ್ಯ ಹೆಚ್ಚಿತ್ತು, ಗುರಿ ಮಾತ್ರ ಸುಧಾರಿಸಿರಲಿಲ್ಲ. ಅದಕ್ಕೇ ಒಳ್ಳೆಯ ವಿಡಿಯೊ ನೋಡುಗರನ್ನು ತಡೆಯಬೇಕು: ‘ಇಲ್ಲಿ ನಿಲ್ಲಿಸಿ, ಒಂದು ಬೇಡದ ಕಡ್ಡಿ ತೆಗೆದುಕೊಳ್ಳಿ, ಹೆರೆದು ನೋಡಿ.’

ಹೀಗೆ ನಿಲ್ಲಿಸಿ ಕಲಿಸುವ ಕ್ರಮಕ್ಕೆ ನಮ್ಮ ನೆಲದಲ್ಲೇ ಒಳ್ಳೆಯ ಮೇಲ್ಪಂಕ್ತಿಯಿದೆ. ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಗೆಳೆಯರು ‘ಡಿಜಿಟಲ್ ಗ್ರೀನ್’ ಎಂಬ ಯೋಜನೆ ಶುರುಮಾಡಿದಾಗ, ಗ್ರೀನ್ ಫೌಂಡೇಶನ್ ಎಂಬ ಸಂಸ್ಥೆಯ ಜೊತೆಗೂಡಿ ಕರ್ನಾಟಕದ ಹಳ್ಳಿಗಳಲ್ಲಿ ರೈತರನ್ನೇ ಚಿತ್ರಿಸಿ ರೈತರಿಗೇ ತೋರಿಸಿದರು. ಊರಿನವರೊಬ್ಬರು ಟಿವಿ ಪಕ್ಕ ನಿಂತು, ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು, ಸಂದೇಹ ಬಿಡಿಸುತ್ತಿದ್ದರು. 16 ಹಳ್ಳಿಗಳಲ್ಲಿ ಎಂಟನ್ನು ಹೋಲಿಕೆಗೆಂದು ಹಳೆಯ ಪದ್ಧತಿಯಲ್ಲೇ ಬಿಟ್ಟು ನಡೆಸಿದ ಪರೀಕ್ಷೆಯಲ್ಲಿ, ಕೆಲವು ಕೃಷಿ ಕ್ರಮಗಳನ್ನು ರೈತರು ಏಳು ಪಟ್ಟು ಹೆಚ್ಚಾಗಿ ಅಳವಡಿಸಿಕೊಂಡರು. ಪರದೆಯ ಮೇಲೆ ಇದ್ದದ್ದು ತಮ್ಮಂಥವರೇ, ತಮ್ಮಂಥದೇ ಹೊಲ, ತಮ್ಮದೇ ಮಾತು. ದೂರದ ಪಂಡಿತರಿಗೆ ದಕ್ಕದ ನಂಬಿಕೆ ಅಲ್ಲಿ ತಾನಾಗಿ ಹುಟ್ಟಿತ್ತು.

ವಿಡಿಯೊ ಮಾಡುವ ಕಸಿಗಾರ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಕೊನೆಯ ಸುತ್ತು ಪಟ್ಟಿ ಬಿಗಿದೊಡನೆ ‘ನೋಡಿ, ಇಷ್ಟೇ’ ಎಂದು ಮುಗಿಸಬೇಡಿ. ಕಸಿ ಗೆದ್ದಿತೋ ಸೋತಿತೋ ತಿಳಿಯುವುದು ಎರಡು ಮೂರು ವಾರಗಳ ನಂತರ. ಆಗ ಮತ್ತೊಮ್ಮೆ ಅದೇ ಗಿಡಗಳ ಮುಂದೆ ಕ್ಯಾಮೆರಾ ತೆರೆಯಿರಿ. ಚಿಗುರಿದ್ದನ್ನು ತೋರಿಸಿ, ಕಪ್ಪಾಗಿ ಒಣಗಿದ್ದನ್ನೂ ತೋರಿಸಿ. ಒಣಗಿದ ಕಡ್ಡಿಯ ಪಟ್ಟಿ ಬಿಚ್ಚಿ, ಪದರ ಎಲ್ಲಿ ತಪ್ಪಿತೆಂದು ಬೆರಳಿಟ್ಟು ಹೇಳಿ.